ಸುಮ್ಮನೆ ಕುಳಿತವಳು

ಮಿರಜ
೧೧ ಜನವರಿ ೨೦೨೪

ಪೂಜ್ಯ ದಾನಪ್ಪ ಅಯ್ಯನವರಿಗೆ,

ಕರ್ತನಲ್ಲಿ ನಿಮ್ಮ ಅಲಕಾಳ ವಂದನೆಗಳು. ಅಮ್ಮನವರಿಗೂ ತಿಳಿಸಿರಿ.

ಆಸ್ಪತ್ರೆಯ ಸೇವೆಗೆ ಸೇರಿದ ಮೇಲೆ ತಿಂಗಳಿಗೊಂದು ಪತ್ರ ಬರೆಯಬೇಕು, ಫೋನಿನಲ್ಲಿ ನಿಮಗೆ ಕಿವಿ ಕೇಳಿಸುವುದಿಲ್ಲ ಎಂದು ಹೇಳಿ ಕಳಿಸಿದ್ದಿರಿ. ಮೊದಲ ತಿಂಗಳು ಬರೆಯಲಾಗಲಿಲ್ಲ. ನಡೆದದ್ದೆಲ್ಲ ನನಗೆ ನಾಚಿಕೆ ತರುವಂಥದ್ದೇ ಆಗಿತ್ತು.

ಇಲ್ಲಿ ನನ್ನನ್ನು ಪಾಳಕಬಾಯಿ ಎಂದು ಕರೆಯುತ್ತಾರೆ. ನಾವು ಸಭಾಪಾಲಕರು ಎನ್ನುವುದಕ್ಕೆ ಮರಾಠಿಯಲ್ಲಿ ಪಾಳಕ. ಹೆಂಗಸಾದ್ದರಿಂದ ಬಾಯಿ ಸೇರಿಸಿದ್ದಾರೆ. ಗಡಿಯ ಹಳ್ಳಿಗಳಿಂದ ಕನ್ನಡ ಮಾತಾಡುವ ರೋಗಿಗಳು ಬರುತ್ತಾರೆ, ಅವರಿಗೆ ಕನ್ನಡದವರೊಬ್ಬರು ಬೇಕು ಎಂದೇ ನನ್ನನ್ನು ಕರೆಸಿದ್ದು. ಆದರೆ ಡಾಕ್ಟರು, ನರ್ಸುಗಳು, ಕ್ಯಾಂಟೀನಿನವರು ಎಲ್ಲರದೂ ಮರಾಠಿ. ನನ್ನ ಮರಾಠಿ ಕೇಳಿ ವಾರ್ಡಿನ ಛಾಯಾ ಸಿಸ್ಟರ್ ಮುಖ ಆ ಕಡೆ ತಿರುಗಿಸಿ ನಗುತ್ತಾರೆ. ಅವರು ಕುಪವಾಡದವರು. ಮನೆಯಲ್ಲಿ ಅಜ್ಜಿ ಕನ್ನಡ ಮಾತಾಡುತ್ತಾರಂತೆ. ಇವರಿಗೆ ತಿಳಿಯುತ್ತದೆ, ಆಡಲು ಅಷ್ಟಾಗಿ ಬರುವುದಿಲ್ಲ.

ಮೊದಮೊದಲು ಪ್ರತಿ ಹಾಸಿಗೆಯ ಹತ್ತಿರ ಹೋಗಿ ಮಾತಾಡಿದೆ. ಎಲ್ಲ ಒಳ್ಳೆಯದಾಗುತ್ತದೆ, ಧೈರ್ಯದಿಂದಿರಿ, ಪ್ರಾರ್ಥಿಸೋಣ. ಒಬ್ಬ ಹೆಂಗಸು ನಾನು ಮಾತಾಡುತ್ತಿದ್ದಂತೆಯೇ ಗೋಡೆಯ ಕಡೆ ಹೊರಳಿ ಮಲಗಿದಳು. ಆಗ ನಿಮ್ಮ ಪಾಠ ನೆನಪಾಯಿತು. ರೋಗಿಯ ಹತ್ತಿರ ಹೋದಾಗ ಮೊದಲು ಬಾಯಿ ಮುಚ್ಚು, ಆಮೇಲೆ ಕುರ್ಚಿ ಎಳೆದುಕೋ ಎನ್ನುತ್ತಿದ್ದಿರಿ.

ಹೋದ ವಾರ ಹಾಗೇ ಮಾಡಿದೆ. ಸಮಡೋಳಿಯ ಜೈನ ಮನೆತನದ ಹಿರಿಯರೊಬ್ಬರು, ತಾತ್ಯಾಸಾಹೇಬರೆಂದು, ಕೊನೆಯ ಸ್ಥಿತಿಯಲ್ಲಿದ್ದರು. ಹತ್ತಿರ ಮಗಳು ಹರ್ಷದಾ ಒಬ್ಬಳೇ ಇದ್ದಳು. ಅವಳು ಮೆಲ್ಲಗೆ ತಮ್ಮ ಮಂತ್ರ ಹೇಳಿಕೊಳ್ಳುತ್ತಿದ್ದಳು. ನಾನು ಸಂಜೆಯವರೆಗೆ ಪಕ್ಕದಲ್ಲಿ ಸುಮ್ಮನೆ ಕುಳಿತೆ. ಮರುದಿನ ಅವರು ತೀರಿಕೊಂಡರು. ಹೋಗುವಾಗ ಹರ್ಷದಾ ನನ್ನ ಕೈ ಹಿಡಿದು, ‘ಬಂದವರೆಲ್ಲಾ ಏನೇನೋ ಹೇಳಿದ್ರು. ನೀವೊಬ್ರ ಏನೂ ಹೇಳ್ಲಿಲ್ಲ. ಛಲೋ ಆತು’ ಅಂದಳು.

ಇಲ್ಲಿಗೆ ಬಂದ ಮೇಲೆ ನಾನು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಒಂದು ಮಾತು ಮುಚ್ಚಿಡುವುದಿಲ್ಲ. ಮರಾಠಿ ಆಡಲು ಬರದ ನನಗೆ ಮೌನ ಅನುಕೂಲವೂ ಆಗಿದೆ.

ನನ್ನ ಪ್ರೊಬೇಷನ್ ಈಸ್ಟರಿಗೆ ಮುಗಿಯುತ್ತದೆ. ಕಮಿಟಿಗೆ ಅಭಿಪ್ರಾಯ ಬರೆಯಬೇಕಾದವರು ನೀವೇ. ಅದನ್ನು ನೆನೆದರೆ ಊಟ ಸೇರುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಅಲಕಾ


ಬೆಟಗೇರಿ, ಗದಗ
೨೨ ಜನವರಿ ೨೦೨೪

ಚಿ. ಅಲಕಾಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಎರಡು ಸಲ ಓದಿದೆ. ಸಂತೋಷವಾಯಿತು. ಸಮಡೋಳಿಯ ಆ ಹುಡುಗಿ ಹೇಳಿದ ಮಾತನ್ನು ಮರೆಯಬೇಡ. ನೊಂದವರ ಮುಂದೆ ನಾವು ಆಡುವ ಮಾತಿನಲ್ಲಿ ಮುಕ್ಕಾಲು ಪಾಲು ನಮ್ಮ ಸಮಾಧಾನಕ್ಕೇ ಆಡುವುದು. ಅವರಾಗಿ ಏನಾದರೂ ಕೇಳಿದರೂ ಉತ್ತರ ಕೊಡಲು ಅವಸರ ಮಾಡಬೇಡ. ಯಾವ ರೋಗ, ಉಳಿಯುತ್ತಾರೋ ಇಲ್ಲವೋ ಅದೆಲ್ಲ ಡಾಕ್ಟರ ಕೆಲಸ. ನೀನು ಕೈ ಹಿಡಿದು ಕೂಡು. ಅಷ್ಟು ಸಾಕು.

ಪ್ರೊಬೇಷನ್ನಿನ ಚಿಂತೆಯನ್ನು ವಾರ್ಡಿನ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗು.

ನಾನು ಆರಾಮಾಗಿದ್ದೇನೆ. ಸಭೆಯ ಕೆಲಸಕ್ಕೆಂದು ಎರಡು ಸಲ ಹುಬ್ಬಳ್ಳಿಗೆ ಹೋಗಿಬಂದೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡು ಎಂದರೆ ನನ್ನ ಮನೆಯಾಕೆ, ನೀನು ಅಮ್ಮ ಎನ್ನುವವಳು, ನಗುತ್ತಾಳೆ, ಮುದುಕರಾದಿರಿ ಎನ್ನುತ್ತಾಳೆ. ಹಲ್ಲು ಸರಿಯಿಲ್ಲ ಎಂದು ಹೇಳಿದ್ದೇನೆ.

ದಾನಪ್ಪ


ಮಿರಜ
೬ ಫೆಬ್ರವರಿ ೨೦೨೪

ಪೂಜ್ಯ ಅಯ್ಯನವರಿಗೆ ವಂದನೆಗಳು.

ತಿಂಗಳು ತುಂಬುವ ಮೊದಲೇ ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಎಲ್ಲಿ ತಪ್ಪಾಯಿತೆಂದು ನೀವು ಹೇಳಿರಿ.

ಬೇಡಗದ ಕಡೆಯಿಂದ ಲಗಮಣ್ಣ ಎಂಬ ಕುರಿ ಸಾಕುವವರು ಹೊಟ್ಟೆನೋವೆಂದು ಬಂದು ಸೇರಿದರು. ಅರವತ್ತರ ಹತ್ತಿರದ ವಯಸ್ಸು. ಜೊತೆಗೆ ಹೆಂಡತಿ ಸೋನಾಬಾಯಿ. ಮಗ ಸುಭಾಷ ಕುಪವಾಡದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ, ಪಾಳಿ ಮುಗಿಸಿ ಬಂದು ಹೋಗುತ್ತಿದ್ದ. ಲಗಮಣ್ಣನವರ ಲಿವರಿನಲ್ಲಿ ನೀರು ತುಂಬಿದ ಗಡ್ಡೆ ಬೆಳೆದಿದೆ. ಕುರಿ ಕಾಯುವ ನಾಯಿಗಳಿಂದ ಮನುಷ್ಯರಿಗೆ ಬರುವ ಹುಳದ ರೋಗವಂತೆ. ಆಪರೇಶನ್ ಮಾಡಿ ತೆಗೆದರೆ ಬಹಳ ಜನ ಗುಣವಾಗುತ್ತಾರೆ. ಬಿಟ್ಟರೆ ಒಳಗೇ ಒಡೆಯಬಹುದು, ಒಡೆದರೆ ಜೀವಕ್ಕೆ ಅಪಾಯ. ಸರ್ಜನ್ ಡಾಕ್ಟರು ಇದನ್ನು ಹೇಳುವಾಗ ನಾನು ಅಲ್ಲೇ ನಿಂತಿದ್ದೆ. ಅಂದರೆ ನನಗೆ ಇಷ್ಟೂ ಗೊತ್ತಿತ್ತು.

ಅವರು ಹೇಳಿದ್ದು ಸುಭಾಷನಿಗೆ, ಮರಾಠಿಯಲ್ಲಿ. ಆಡಲು ಬಾರದಿದ್ದರೂ ಕೇಳಿದರೆ ನನಗೆ ತಿಳಿಯುತ್ತದೆ. ಸೋನಾಬಾಯಿಗೆ ಸಂತೆಯ ಮರಾಠಿ ಬರುತ್ತದೆ, ಡಾಕ್ಟರ ಮರಾಠಿ ಬರುವುದಿಲ್ಲ. ಸುಭಾಷ ಪಾಳಿಗೆ ಓಡುವ ಅವಸರದಲ್ಲಿ ಬಿಡಿಸಿ ಹೇಳಲಿಲ್ಲ. ಅವರಿಗೆ ತಿಳಿದದ್ದು ‘ಧೋಕಾ’, ಅಂದರೆ ಅಪಾಯ, ಎಂಬ ಒಂದೇ ಮಾತು. ಆಪರೇಶನ್ ಮಾಡದಿದ್ದರೆ ಧೋಕಾ ಎಂದದ್ದನ್ನು ಅವರು ಹೇಗೆ ತಿಳಿದರೋ.

ನಾನು ದಿನಾಲು ಮಧ್ಯಾಹ್ನ ಹೋಗಿ ಕೂಡುತ್ತಿದ್ದೆ. ಸೋನಾಬಾಯಿ ಗಂಡನ ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿ ಕಾಲ ಹತ್ತಿರ ಕುಳಿತಿರುತ್ತಿದ್ದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, ಏನೋ ಕೇಳುವವರಂತೆ ನನ್ನ ಮುಖ ನೋಡುತ್ತಿದ್ದರು. ನಾನು ಕೈ ಮುಗಿದು ಕುಳಿತುಬಿಡುತ್ತಿದ್ದೆ. ಎದ್ದು ಹೊರಡುವಾಗ ಅವರ ಮುಖ ಇನ್ನಷ್ಟು ಬಾಡಿರುತ್ತಿತ್ತು. ಒಳಗಿನ ದುಃಖ ಹೊರಗೆ ಬರುತ್ತಿದೆ, ನನ್ನ ಮೌನ ಅದಕ್ಕೆ ದಾರಿ ಮಾಡುತ್ತಿದೆ ಎಂದುಕೊಂಡೆ.

ಶುಕ್ರವಾರ ಅವರು ಕೇಳಿಯೇ ಬಿಟ್ಟರು. ‘ಬಾಯಾರ, ಡಾಕ್ಟರು ಮರಾಠ್ಯಾಗ ಹೇಳ್ತಾರ. ನೀವಾರ ಕನ್ನಡದಾಗ ಹೇಳ್ರಿ. ಇವರು ಉಳೀತಾರೋ ಇಲ್ಲೋ?’

ಉಳಿಯುತ್ತಾರೆ ಎಂದು ಮಾತು ಕೊಡಲು ನಾನು ಯಾರು ಎನ್ನಿಸಿತು. ನಿಮ್ಮ ಪತ್ರ ಕಣ್ಣ ಮುಂದೆ ಬಂತು. ಅವರ ಕೈ ಹಿಡಿದುಕೊಂಡೆ, ಏನೂ ಹೇಳಲಿಲ್ಲ. ಅವರು ಸ್ವಲ್ಪ ಹೊತ್ತು ಕಾಯ್ದರು. ಆಮೇಲೆ ಕೈ ಬಿಡಿಸಿಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು.

ಮರುದಿನ ಬೆಳಿಗ್ಗೆ ಹಾಸಿಗೆ ಖಾಲಿಯಾಗಿತ್ತು. ನಮ್ಮ ಜವಾಬ್ದಾರಿಯ ಮೇಲೆ ಒಯ್ಯುತ್ತೇವೆ ಎಂದು ತಾಯಿಯ ಹಟಕ್ಕೆ ಮಣಿದು ಸುಭಾಷ ಸಹಿ ಮಾಡಿ ತಂದೆಯನ್ನು ಕರೆದುಕೊಂಡು ಹೋಗಿದ್ದ. ತಾತ್ಯಾಸಾಹೇಬರ ಸಂಗತಿಯನ್ನು ಪಕ್ಕದ ಹಾಸಿಗೆಯವರು ಸೋನಾಬಾಯಿಗೆ ಹೇಳಿದ್ದರಂತೆ. ಹೊರಡುವಾಗ ಸೋನಾಬಾಯಿ ಆಡಿದ್ದನ್ನು ಛಾಯಾ ಸಿಸ್ಟರ್ ನನಗೆ ಹಾಗೆಯೇ ಒಪ್ಪಿಸಿದರು: ‘ಆ ಪಾಳಕಬಾಯಿ ಯಾರ ಹಂತೇಕ ಬಂದು ಸುಮ್ಮಕ ಕುಂದ್ರತಾಳೋ ಅವರು ಹೋಗ್ತಾರ. ಹೋಗೂದ ಇದ್ರ ನಮ್ಮ ಕುರಿ ಹಂತೇಕ ಹೋಗ್ಲಿ.’

ಅಯ್ಯನವರೇ, ನಾನು ನಿಮ್ಮ ನಿಯಮಕ್ಕಾಗಿ ಸುಮ್ಮನಿದ್ದೆನೋ, ಹೆದರಿ ಸುಮ್ಮನಿದ್ದೆನೋ ನನಗೇ ತಿಳಿಯುತ್ತಿಲ್ಲ. ಬೇಗ ಬರೆಯಿರಿ.

ಅಲಕಾ


ಮಿರಜ
೧೭ ಫೆಬ್ರವರಿ ೨೦೨೪

ಪೂಜ್ಯ ಅಯ್ಯನವರಿಗೆ,

ನನ್ನ ಹಿಂದಿನ ಪತ್ರ ಮುಟ್ಟಿತೋ ಇಲ್ಲವೋ ತಿಳಿಯದು. ಅಂಚೆಯವನು ಬರುವ ಹೊತ್ತಿಗೆ ದಿನಾಲು ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ.

ಸರ್ಜನ್ ಡಾಕ್ಟರು ನನ್ನನ್ನು ಕರೆದು, ನೀವು ಅವರಿಗೆ ಏನು ಹೇಳಿದಿರಿ ಎಂದು ಕೇಳಿದರು. ಏನೂ ಹೇಳಲಿಲ್ಲ ಎಂದೆ. ‘ಕಾಹೀಚ ನಾಹೀ?’ ಅಂದರು. ಏನೂ ಅಂದರೆ ಏನೂ ಇಲ್ಲವೇ ಎಂದು. ಬೈಯಲಿಲ್ಲ, ಫೈಲು ಮುಚ್ಚಿ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಸುಭಾಷ ಬರೆಸಿಹೋದ ಫೋನ್ ನಂಬರು ಹತ್ತುವುದಿಲ್ಲ. ಆಂಬುಲೆನ್ಸಿನ ಸದ್ದು ಕೇಳಿದಾಗಲೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ತುರ್ತು ವಿಭಾಗದ ಬಾಗಿಲಿಗೆ ಓಡುತ್ತೇನೆ. ಇಳಿಸಿದ ಮುಖ ಲಗಮಣ್ಣನವರದಲ್ಲ ಎಂದು ಕಂಡಾಗ ಸಮಾಧಾನವಾಗುತ್ತದೆ. ಇನ್ನೊಬ್ಬರ ಮನೆಯವರು ಸ್ಟ್ರೆಚರಿನ ಮೇಲಿರುವಾಗ ಸಮಾಧಾನಪಡುವ ನನ್ನನ್ನು ಕಂಡು ನನಗೇ ಅಸಹ್ಯ.

ನಿಮ್ಮ ಮೌನ ನನಗೆ ಅರ್ಥವಾಗುತ್ತಿಲ್ಲ. ಕೋಪವೇ? ಕಮಿಟಿಗೆ ಆಗಲೇ ಬರೆದುಬಿಟ್ಟಿದ್ದೀರಾ? ಹಾಗಿದ್ದರೂ ಹೇಳಿಬಿಡಿ. ಗೊತ್ತಿಲ್ಲದೆ ಇರುವುದು ಆಗುತ್ತಿಲ್ಲ.

ಅಲಕಾ


ಬೆಟಗೇರಿ
೧೯ ಫೆಬ್ರವರಿ ೨೦೨೪

ಚಿ. ಅಲಕಾ,

ನಿನ್ನ ಆರನೆಯ ತಾರೀಖಿನ ಪತ್ರ ಈಗ ಓದಿದೆ. ಊರಲ್ಲಿರಲಿಲ್ಲ.

ತಪ್ಪು ಮೌನದ್ದಲ್ಲ. ನೀನು ಅವಳ ಪಕ್ಕ ಕುಳಿತಾಗ ನಿನ್ನ ಮನಸ್ಸು ಅಲ್ಲಿರಲಿಲ್ಲ, ನಿನ್ನ ಪ್ರೊಬೇಷನ್ನಿನ ಮೇಲಿತ್ತು. ಅದು ಅವಳಿಗೆ ಗೊತ್ತಾಗಿದೆ. ಇನ್ನು ಅವರನ್ನು ಹುಡುಕಿಕೊಂಡು ಹೋಗಬೇಡ. ನಿನ್ನ ಎದೆಯ ಭಾರ ಇಳಿಸಲು ಇನ್ನೊಬ್ಬರ ಬಾಗಿಲಿಗೆ ಹೋಗುವುದು ಸೇವೆಯಲ್ಲ.

ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕೆಂದಿಲ್ಲ. ಕೇಳಿದರೆ ತಾಳಲಾರದವರೂ ಇರುತ್ತಾರೆ. ಅಂಥವರಿಗೆ ಹೇಳದೆ ಇರುವುದೂ ಪ್ರೀತಿಯೇ.

ಹೆಚ್ಚು ಬರೆಯಲು ಆಗುತ್ತಿಲ್ಲ.

ದಾನಪ್ಪ


ಮಿರಜ
೨೭ ಫೆಬ್ರವರಿ ೨೦೨೪

ಪೂಜ್ಯ ಅಯ್ಯನವರಿಗೆ,

ನಿಮ್ಮ ಪತ್ರ ಶನಿವಾರ ಬಂತು. ಓದಿದೆ. ರವಿವಾರ ಆರಾಧನೆ ಮುಗಿಸಿ ಬೇಡಗದ ಬಸ್ಸು ಹತ್ತಿದೆ. ನಿಮ್ಮ ಮಾತು ಮೀರಿದ್ದು ಇದೇ ಮೊದಲು.

ಲಗಮಣ್ಣನವರ ಮನೆಗೆ ಬೀಗವಿತ್ತು. ಊರಿನಾಚೆ ಜೋಳ ಕೊಯ್ದ ಹೊಲದಲ್ಲಿ ಕುರಿ ನಿಲ್ಲಿಸಿದ್ದಾರೆಂದು ಓಣಿಯವರು ಹೇಳಿದರು. ಕುರಿಯ ಗೊಬ್ಬರಕ್ಕಾಗಿ ಹೊಲದವರು ಕರೆಸಿಕೊಳ್ಳುತ್ತಾರೆ. ಬದುವಿನ ಮೇಲೆ ಕಾಲಿಡುವುದರೊಳಗೆ ನಾಯಿಗಳು ಬೊಗಳಿದವು. ಸೋನಾಬಾಯಿ ಒಲೆಯ ಮುಂದಿನಿಂದ ಎದ್ದರು. ನನ್ನ ಗುರುತು ಹತ್ತಿದ ಕೂಡಲೇ ಅವರ ಮುಖದ ಬಣ್ಣವೇ ಇಳಿಯಿತು.

‘ಇಲ್ಲೀತನಕಾ ಬಂದ್ರೇನ್ರಿ?’ ಅಂದರು.

ಲಗಮಣ್ಣನವರು ಬೇವಿನ ಗಿಡದ ಕೆಳಗೆ ಕಂಬಳಿಯ ಮೇಲೆ ಮಲಗಿದ್ದರು. ಬದುಕಿದ್ದರು. ಅಷ್ಟು ನೋಡಿದ ಮೇಲೆ ಅವರ ಪಕ್ಕದ ಕಲ್ಲಿನ ಮೇಲೆ ಕೂಡಲು ಹೋದೆ.

‘ಕುಂದ್ರಬ್ಯಾಡ್ರಿ’ ಅಂದರು ಸೋನಾಬಾಯಿ. ಬೇಡಿಕೊಳ್ಳುವ ದನಿ. ‘ನಿಮ್ಮ ಕಾಲ ಬೀಳ್ತೀನಿ, ಇವರ ಹಂತೇಕ ಕುಂದ್ರಬ್ಯಾಡ್ರಿ.’

ನಾನು ನಿಂತೇ ಮಾತಾಡಿದೆ. ‘ಅವ್ವಾರ, ಇವರು ಸಾಯ್ತಾರಂತ ಯಾರೂ ಹೇಳಿಲ್ರಿ. ಡಾಕ್ಟರು ಹೇಳಿಲ್ಲ, ನಾನೂ ಹೇಳಿಲ್ಲ.’

‘ನೀವು ಹೇಳ್ಲಿಲ್ಲ. ಅದಕ್ಕ ಗೊತ್ತಾತು.’

‘ಸಮಡೋಳಿ ಅಜ್ಜಾರ ಹಂತೇಕ ಕುಂತದ್ದು ಅವರು ಹೋಗೂದು ಖಾತ್ರಿ ಇತ್ತು ಅಂತ್ರಿ. ನಿಮ್ಮ ಹಂತೇಕ ಕುಂತದ್ದು ನೀವೊಬ್ರ ಇದ್ರಿ ಅಂತ.’

‘ಮತ್ತ ನಾ ಕೇಳಿದಾಗ ಯಾಕ ಬಾಯಿ ತಗೀಲಿಲ್ಲ?’

ನಿಮ್ಮಿಂದ ಕಲಿತ ಉತ್ತರಗಳು ಒಂದೊಂದಾಗಿ ಮನಸ್ಸಿಗೆ ಬಂದವು. ಒಂದೂ ಆ ಹೊಲದಲ್ಲಿ ನಿಂತು ಆಡುವಂಥದ್ದಾಗಿರಲಿಲ್ಲ. ‘ಹೆದರಿಕಿ ಆತ್ರಿ’ ಎಂದೆ. ‘ಹೇಳಿ ತಪ್ಪಾದ್ರ ಹೆಂಗಂತ.’

ಅವರು ಗಂಡನ ಕಡೆ ತಿರುಗಿ ನೋಡಿದರು. ಕಂಬಳಿಯ ಮೇಲಿನಿಂದ ಲಗಮಣ್ಣನವರು ಮೆಲ್ಲಗೆ, ‘ಡಾಕ್ಟರು ಏನಂದಾರ, ಈಗರ ಹೇಳ್ರಿ’ ಅಂದರು.

ಗೊತ್ತಿದ್ದುದನ್ನೆಲ್ಲ ಹೇಳಿದೆ. ಗಡ್ಡೆ ಎಲ್ಲಿದೆ, ಒಡೆದರೆ ಏನು, ತೆಗೆದರೆ ಏನು, ಎಷ್ಟು ದಿನ ಮಲಗಬೇಕು. ಆಪರೇಶನ್ನಿನಲ್ಲೂ ಸ್ವಲ್ಪ ಅಪಾಯ ಇದ್ದೇ ಇರುತ್ತದೆ, ಮನೆಯಲ್ಲಿ ಉಳಿದರೆ ಅದಕ್ಕಿಂತ ಹೆಚ್ಚು ಎಂದೂ ಹೇಳಿದೆ. ನಾಯಿಯಿಂದ ಬಂದ ಹುಳ ಎಂದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ತೋಳ ಬರಬಾರದಂತ ನಾಯಿ ಸಾಕಿದ್ನಿ’ ಅಂದರು.

ಸೋನಾಬಾಯಿ ನಗಲಿಲ್ಲ. ಬರುತ್ತೇವೆ ಎಂದೂ ಹೇಳಲಿಲ್ಲ. ಸುಭಾಷನನ್ನು ಕೇಳಬೇಕು, ಕುರಿ ಕಾಯಲು ಒಬ್ಬರನ್ನು ಹುಡುಕಬೇಕು. ಬದುವಿನ ತನಕ ನನ್ನ ಹಿಂದೆ ಬಂದು, ‘ಬಂದ್ರ ನೀವು ಹಿಂಗ ಮಾತಾಡ್ಬೇಕ್ರಿ’ ಅಂದರು.

ಅವರು ಇನ್ನೂ ಬಂದಿಲ್ಲ. ಆ ಹೊಲದಲ್ಲಿ ಗಡ್ಡೆ ಒಡೆದರೆ ಮಿರಜಕ್ಕೆ ಮುಟ್ಟುವುದು ಹೇಗೆ ಎಂದು ಯೋಚಿಸುತ್ತಲೇ ಇರುತ್ತೇನೆ. ಬೇಕಾದರೆ ಕೋಪಿಸಿಕೊಂಡೇ ಬರೆಯಿರಿ, ಆದರೆ ಬರೆಯಿರಿ.

ಅಲಕಾ


ಬೆಟಗೇರಿ
೫ ಮಾರ್ಚ್ ೨೦೨೪

ಪ್ರೀತಿಯ ಅಲಕಾ,

ನಿನ್ನ ಎರಡೂ ಪತ್ರ ನನ್ನ ಮುಂದಿವೆ. ನನಗೆ ಕೋಪವಿಲ್ಲ. ನಿನ್ನ ಮೇಲೆ ಯಾವತ್ತೂ ಇರಲಿಲ್ಲ. ಕಮಿಟಿಗೂ ಇನ್ನೂ ಏನೂ ಬರೆದಿಲ್ಲ. ಬರೆಯಲು ತಡವಾದ ಕಾರಣ ಬೇರೆ. ಇದನ್ನು ನಿನ್ನೊಬ್ಬಳಿಗೆ ಹೇಳುತ್ತಿದ್ದೇನೆ, ಒಬ್ಬ ಸಭಾಪಾಲಕ ಇನ್ನೊಬ್ಬ ಸಭಾಪಾಲಕಿಗೆ ಹೇಳುವ ಹಾಗೆ.

ಕ್ರಿಸ್‌ಮಸ್ಸಿನ ಸುಮಾರಿಗೆ ನನಗೆ ನುಂಗಲು ತೊಂದರೆ ಶುರುವಾಯಿತು. ಮೊದಲು ರೊಟ್ಟಿ, ಈಗ ಅನ್ನವೂ ಎದೆಯಲ್ಲಿ ನಿಲ್ಲುತ್ತದೆ. ಹುಬ್ಬಳ್ಳಿಗೆ ಹೋದದ್ದು ಸಭೆಯ ಕೆಲಸಕ್ಕಲ್ಲ. ಗಂಟಲಿನೊಳಗೆ ನಳಿಗೆ ಬಿಟ್ಟು ನೋಡಿ, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಅನ್ನನಾಳದಲ್ಲಿ ಕ್ಯಾನ್ಸರ್. ಬಹಳ ಹರಡಿಲ್ಲ, ಆಪರೇಶನ್ ಮಾಡಬಹುದು ಎನ್ನುತ್ತಾರೆ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ.

ನಿನ್ನ ಅಮ್ಮನಿಗೆ ಹೇಳಿಲ್ಲ. ಅವಳಿಗೆ ಬಿಪಿ ಇದೆ. ಅವಳ ತಂಗಿ ಇದೇ ರೋಗದಲ್ಲಿ ಹೋದಳು, ಆಗ ಇವಳು ಹಾಸಿಗೆ ಹಿಡಿದಿದ್ದಳು. ಹೇಳಿದರೆ ಕುಸಿದು ಬೀಳುತ್ತಾಳೆ. ಅದಕ್ಕೇ ಮನೆಯಲ್ಲಿ ಮಾತು ಕಡಿಮೆ ಮಾಡಿದ್ದೇನೆ. ಮಾತಿಗೆ ಕುಳಿತರೆ ಬಾಯಿಂದ ಜಾರೀತೆಂಬ ಭಯ. ಅವಳು ಸಮಾಧಾನವಾಗಿದ್ದಾಳೆ. ಈಸ್ಟರ್ ಮುಗಿಯಲಿ, ನೋಡೋಣ.

ಬೇಡಗಕ್ಕೆ ಹೋದದ್ದು ಸರಿಯೋ ತಪ್ಪೋ ಎಂದು ನಾನು ಹೇಳುವುದಿಲ್ಲ. ಹೋದೆಯಲ್ಲ. ನನಗಾಗಿ ಪ್ರಾರ್ಥಿಸು, ಯಾರಿಗೂ ಹೇಳಬೇಡ.

ದಾನಪ್ಪ


ಮಿರಜ
೧೫ ಮಾರ್ಚ್ ೨೦೨೪

ಪೂಜ್ಯ ಅಯ್ಯನವರಿಗೆ,

ನಿಮ್ಮ ಪತ್ರ ಮುಟ್ಟಿತು. ಅದನ್ನು ಓದಿದಾಗ ನನಗೆ ಹೇಗಾಯಿತೆಂದು ಬರೆಯುತ್ತ ಕುಳಿತರೆ ಹೇಳಬೇಕಾದದ್ದು ಉಳಿದುಹೋಗುತ್ತದೆ.

ಮೊದಲು ಲಗಮಣ್ಣನವರ ಸುದ್ದಿ. ನೀವು ಪತ್ರ ಬರೆಯುವ ಹಿಂದಿನ ದಿನವೇ ಅವರು ಬಂದು ಸೇರಿದ್ದರು. ಆ ಗುರುವಾರ ಆಪರೇಶನ್ ಆಯಿತು. ಗಡ್ಡೆ ಒಡೆಯದೆ ಹೊರಗೆ ಬಂತು. ಈಗ ವಾರ್ಡಿನಲ್ಲಿ ಚಹಾ ಬೇಕೆಂದು ಹಟ ಹಿಡಿದು ಛಾಯಾ ಸಿಸ್ಟರ್ ಕೈಯಲ್ಲಿ ಬೈಸಿಕೊಳ್ಳುತ್ತಿದ್ದಾರೆ. ಆಪರೇಶನ್ ನಡೆದಷ್ಟು ಹೊತ್ತೂ ನಾನು ಹೊರಗೆ ಸೋನಾಬಾಯಿಯ ಜೊತೆ ಮಾತಾಡುತ್ತ ಕುಳಿತೆ. ಮರಿಗಳಿಗೆ ಏನು ಹೆಸರಿಡುತ್ತಾರೆ, ಯಾವ ಕುರಿ ಎಂಥ ತುಂಟತನ ಮಾಡುತ್ತದೆ ಎಂದೆಲ್ಲ ಕೇಳಿದೆ. ಒಂದು ಹೊತ್ತಿನಲ್ಲಿ ಅವರೇ ನನ್ನ ತೊಡೆಯ ಮೇಲೆ ಕೈಯಿಟ್ಟು, ‘ಈಗ ಸಾಕ್ರಿ, ಸುಮ್ಮಕ ಕುಂದ್ರೂನು’ ಅಂದರು. ಇಬ್ಬರೂ ಸುಮ್ಮನೆ ಕುಳಿತೆವು. ಆ ಮೌನಕ್ಕೆ ನನಗೆ ಹೆದರಿಕೆಯಾಗಲಿಲ್ಲ.

ಇನ್ನು ನಿಮ್ಮ ಮನೆಯ ಸುದ್ದಿ. ನಿಮ್ಮ ಮನೆಯ ಸುದ್ದಿಯನ್ನು ನಿಮಗೇ ಬರೆಯಬೇಕಾಗಿ ಬಂದಿದೆ.

ಬುಧವಾರ ಅಮ್ಮನವರ ಫೋನ್ ಬಂತು. ಅವರು ಆಡಿದ್ದನ್ನು ಆಡಿದ ಹಾಗೆಯೇ ಬರೆಯುತ್ತೇನೆ. ‘ಅಲಕಾ, ಇವರು ಮನ್ಯಾಗ ಮಾತ ಬಿಟ್ಟಾರ. ನಾ ಏನ ತಪ್ಪ ಮಾಡೀನಿ ತಿಳೀವಲ್ದು. ಇವರ ತಮ್ಮನ ಮಗನ ಮದವಿಗಿ ಮೊಣಕಾಲ ನೋವಂತ ನಾ ಹೋಗ್ಲಿಲ್ಲ. ಅದಕ್ಕ ಸಿಟ್ಟೇನ್ರಿ ಅಂತ ಕೇಳಿದ್ನಿ. ಹೌದಂತ ತಲಿ ಅಳ್ಳಾಡಿಸಿದ್ರು. ತಪ್ಪಾತ್ರಿ ಅಂದ್ನಿ, ಅದಕ್ಕೂ ತಲಿ ಅಳ್ಳಾಡಿಸಿದ್ರು. ಮತ್ತ ಎರಡ ಸಲ ಕೇಳ್ಕೊಂಡೇನಿ. ಈಗ ನಾ ಮಾಡಿದ ರೊಟ್ಟಿ ಸೈತ ಮುಟ್ಟಂಗಿಲ್ಲ. ಈ ವಯಸ್ಸಿನ್ಯಾಗ ನನ್ನ ಹಿಂಗ ದೂರ ಮಾಡಿದ್ರ ನಾ ಎಲ್ಲಿ ಹೋಗ್ಲಿ? ನಿನಗೇನಾರ ಬರದಾರೇನು?’

ನಾನು ನಿಮಗೆ ಮಾತು ಕೊಟ್ಟವಳಂತೆ ಸುಮ್ಮನಾದೆ.

‘ಅಂದ್ರ ಬರದಾರ’ ಅಂದರು. ಸ್ವಲ್ಪ ತಡೆದು, ‘ಹೇಳಬ್ಯಾಡಂತನೂ ಅಂದಾರ. ಇರ್ಲಿ ಬಿಡವ್ವಾ’ ಎಂದು ಫೋನ್ ಇಟ್ಟರು. ಆ ದನಿಯನ್ನು ನಾನು ವಾರ್ಡಿನಲ್ಲಿ ಒಮ್ಮೆ ಕೇಳಿದ್ದೇನೆ.

ಅವರು ಸಮಾಧಾನವಾಗಿಲ್ಲ, ಅಯ್ಯನವರೇ. ನಿಮ್ಮ ರೋಗದ ಹೆಸರು ಗೊತ್ತಿಲ್ಲದೆಯೇ ಅವರು ಕುಸಿದಿದ್ದಾರೆ. ತಾವು ಮಾಡದ ತಪ್ಪಿಗೆ ಕ್ಷಮೆ ಬೇಡುತ್ತಿದ್ದಾರೆ, ನೀವು ತಲೆಯಾಡಿಸುತ್ತಿದ್ದೀರಿ.

ಅವರು ಇನ್ನೊಮ್ಮೆ ಕೇಳಿದರೆ ನಿಮ್ಮ ರೋಗದ ವಿಷಯ ನಾನು ಹೇಳುವುದಿಲ್ಲ. ಅದನ್ನು ನೀವೇ ಹೇಳಬೇಕು. ಆದರೆ ‘ನಿಮ್ಮ ಮೇಲೆ ಅವರಿಗೆ ಸಿಟ್ಟಿಲ್ಲಮ್ಮಾ, ಬೇರೆ ಒಂದು ಮಾತಿದೆ, ಕೂಡ್ರಿಸಿಕೊಂಡು ಕೇಳಿರಿ’ ಎಂದು ಹೇಳಿಯೇ ಹೇಳುತ್ತೇನೆ. ಸುಮ್ಮನಿರುವುದಿಲ್ಲ. ನನ್ನ ಬಗ್ಗೆ ಕಮಿಟಿಗೆ ಹೋಗುವ ಅಭಿಪ್ರಾಯ ನಿಮ್ಮ ಕೈಯಲ್ಲಿದೆ ಎಂಬುದನ್ನು ಮರೆತು ಬರೆಯುತ್ತಿಲ್ಲ.

ಅಲಕಾ


ಬೆಟಗೇರಿ
೨೩ ಮಾರ್ಚ್ ೨೦೨೪

ಪ್ರೀತಿಯ ಅಲಕಾ,

ನಿನ್ನ ಪತ್ರ ಓದಿ ನನಗೆ ಸಿಟ್ಟೇ ಬಂತು. ನಿನ್ನೆ ಮೊನ್ನೆ ನನ್ನ ಮುಂದೆ ಕುಳಿತು ಪಾಠ ಕೇಳಿದವಳು ನನಗೆ ಬುದ್ಧಿ ಹೇಳುತ್ತಾಳೆ ಎಂದು. ಸಂಜೆಗೆ ಮತ್ತೊಮ್ಮೆ ಓದಿದೆ. ಮದುವೆಯ ಮಾತಿಗೆ ಬಂದಾಗ ಮುಂದೆ ಓದಲಾಗಲಿಲ್ಲ.

ಅವಳು ಆ ಮಾತು ಎತ್ತಿದ್ದು ನನಗೆ ಕೇಳಿಸಿಯೇ ಇರಲಿಲ್ಲ. ಎದುರಿಗೆ ನಿಂತಿದ್ದಳು, ತುಟಿ ಅಲ್ಲಾಡಿತು. ಊಟಕ್ಕೆ ಕರೆಯುತ್ತಿದ್ದಾಳೆ ಎಂದುಕೊಂಡು ಹೌದೆಂದು ತಲೆಯಾಡಿಸಿದೆ. ಪ್ರತಿ ಸಲವೂ ಹಾಗೇ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದರೆ ಮಾತು ಬೆಳೆಯುತ್ತದಲ್ಲ, ಅದಕ್ಕೆ ತಲೆಯಾಡಿಸಿ ಮುಗಿಸುತ್ತಿದ್ದೆ.

ಮರುದಿನ ಮುಂಜಾನೆ ಅವಳು ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕುಳಿತೆ. ಹೇಗೆ ಆರಂಭಿಸಬೇಕೆಂದು ಮನಸ್ಸಿನಲ್ಲಿ ಹೊಂದಿಸಿಟ್ಟುಕೊಂಡದ್ದೆಲ್ಲ ಮರೆತುಹೋಯಿತು. ‘ನನಗ ಕ್ಯಾನ್ಸರ್ ಆಗೇತಿ. ನುಂಗಾಕ ಆಗವಲ್ದು. ಆಪರೇಶನ್ ಮಾಡ್ತೀವಿ ಅಂತಾರ’ ಎಂದೆ. ಕಿವುಡನಿಗೆ ತನ್ನ ದನಿಯ ಅಳತೆ ಇರುವುದಿಲ್ಲ. ಮೆಲ್ಲಗೆ ಹೇಳಿದೆ ಎಂದು ನಾನು ತಿಳಿದಿದ್ದೆ. ಪಕ್ಕದ ಮನೆಯ ತಂಗೆವ್ವ ಕೈಯಲ್ಲಿದ್ದ ಕೊಡ ಅಲ್ಲೇ ಇಳಿಸಿ ಕಟ್ಟೆಗೆ ಬಂದು ನಿಂತಳು. ಒಂದು ತಾಸಿನಲ್ಲಿ ಓಣಿಗೆಲ್ಲ ತಿಳಿಯಿತು.

ನಿನ್ನ ಅಮ್ಮ ಮೊರದಲ್ಲಿದ್ದ ಜೋಳ ಮುಗಿಯುವ ತನಕ ಕೈ ನಿಲ್ಲಿಸಲಿಲ್ಲ. ಆಮೇಲೆ ಏನೋ ಅಂದಳು. ಕೇಳಿಸಲಿಲ್ಲ ಎಂದೆ, ಈ ಸಲ ಬಾಯಿ ಬಿಟ್ಟು ಹೇಳಿದೆ. ಅವಳು ನನ್ನ ಕಿವಿಗೆ ಬಾಯಿ ಹಚ್ಚಿ, ‘ಮದವಿ ಸಿಟ್ಟಲ್ಲೇನು?’ ಅಂದಳು. ಅಲ್ಲ ಎಂದೆ. ಆಗ ಅತ್ತಳು. ರೋಗಕ್ಕೆ ಅತ್ತಳೋ ಅದಕ್ಕೆ ಅತ್ತಳೋ ನಾನು ಕೇಳಲಿಲ್ಲ.

ಅವಳು ಕುಸಿದು ಬೀಳಲಿಲ್ಲ. ಆದರೆ ಈಗ ನನ್ನ ಮಾತನ್ನು ನಂಬುವುದಿಲ್ಲ. ಹುಬ್ಬಳ್ಳಿಯ ಕಾಗದಗಳನ್ನೆಲ್ಲ ತೆಗೆಸಿ ನೋಡಿದಳು. ಕೇಳಿದ್ದನ್ನೇ ತಿರುಗಿ ತಿರುಗಿ ಕೇಳುತ್ತಾಳೆ, ನಾನು ಹೇಳುವಾಗ ನನ್ನ ಕಣ್ಣನ್ನೇ ನೋಡುತ್ತಿರುತ್ತಾಳೆ. ಇದು ನನಗೆ ರೋಗಕ್ಕಿಂತ ಕಷ್ಟವಾಗಿದೆ.

ಆಪರೇಶನ್ ಮಿರಜದಲ್ಲೇ ಆಗಲಿ ಎಂದು ಅವಳ ಹಟ, ನೀನಿದ್ದೀ ಎಂದು. ಎಂಟನೆಯ ಏಪ್ರಿಲಿಗೆ ಹೊರಟು ಬರುತ್ತೇವೆ. ಕಮಿಟಿಗೆ ಬರೆದು ಕಳಿಸಿದ್ದೇನೆ. ಅಲಕಾಳನ್ನು ಕಾಯಂ ಮಾಡಿರಿ ಎಂದಷ್ಟೇ ಬರೆದೆ.

ಕೆಳಗೆ ಅವಳೇ ಬರೆಯುತ್ತಾಳಂತೆ. ಏನು ಬರೆಯುತ್ತಾಳೋ ನನಗೆ ತೋರಿಸುವುದಿಲ್ಲವಂತೆ.

ದಾನಪ್ಪ

ಅಲಕಾ, ನಾ ಅಮ್ಮ ಬರಿಯೂದು. ಇವರು ನನಗ ಹೇಳಿದ್ದು ಇಷ್ಟು: ಅನ್ನದ ನಳಿಗ್ಯಾಗ ಕ್ಯಾನ್ಸರ್, ಬಾಳ ಹರಡಿಲ್ಲ, ಆಪರೇಶನ್ ಆಗತೈತಿ. ಇದು ಇಷ್ಟನೋ, ಇನ್ನೂ ಐತೋ? ನಿನಗ ಇದಕಿಂತ ಹೆಚ್ಚಿಗಿ ಬರದಿದ್ರ ನನಗ ಹೇಳು. ಹೆದರಬ್ಯಾಡ, ನಾ ಗಟ್ಟಿ ಅದೇನಿ. ಹೇಳದ ಬಿಟ್ರ ಮಾತ್ರ ಇರಾಕ ಆಗಂಗಿಲ್ಲ.


ಮಿರಜ
೨೮ ಮಾರ್ಚ್ ೨೦೨೪

ಪ್ರೀತಿಯ ಅಮ್ಮನವರಿಗೆ ನಿಮ್ಮ ಅಲಕಾಳ ವಂದನೆಗಳು.

ಫೋನಿನಲ್ಲೇ ಹೇಳಬಹುದಿತ್ತು. ಸಂಶಯ ಬಂದಾಗಲೆಲ್ಲ ನೀವು ತೆಗೆದು ಓದಿಕೊಳ್ಳಬಹುದೆಂದು ಕಾಗದದ ಮೇಲೆ ಬರೆಯುತ್ತಿದ್ದೇನೆ.

ಅಯ್ಯನವರು ನನಗೆ ಬರೆದದ್ದು ಅಷ್ಟೇ, ಅಮ್ಮಾ. ನಿಮಗೆ ಹೇಳಿದ್ದಕ್ಕಿಂತ ಒಂದು ಮಾತೂ ಹೆಚ್ಚಿಲ್ಲ. ಅಂದು ಫೋನಿನಲ್ಲಿ ನಾನು ಸುಮ್ಮನಾದದ್ದು ನಿಮ್ಮನ್ನು ಎಷ್ಟು ಹೆದರಿಸಿತೆಂದು ನನಗೆ ಗೊತ್ತು. ಕ್ಷಮಿಸಿರಿ.

ನಿನ್ನೆ ಇಲ್ಲಿಯ ಡಾಕ್ಟರನ್ನು ಕಂಡು ಕೇಳಿದೆ. ಆಪರೇಶನ್ ದೊಡ್ಡದು, ಆರೇಳು ತಾಸು ಹಿಡಿಯುತ್ತದೆ. ಅದಕ್ಕೂ ಮೊದಲು ಕೆಲವು ವಾರ ಔಷಧ ಕೊಡಬೇಕಾಗಬಹುದು, ಅವರನ್ನು ನೋಡಿಯೇ ಹೇಳುತ್ತೇವೆ ಎಂದರು. ಸುಲಭ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಅಯ್ಯನವರ ವಯಸ್ಸಿನವರಲ್ಲಿ ಕೆಲವರು ತಿರುಗಿ ಏಳುವುದಿಲ್ಲ. ಗುಣವಾಗಿ ಊಟ ಮಾಡಿ ಮನೆಗೆ ಹೋದವರನ್ನೂ ಇಲ್ಲಿ ನೋಡಿದ್ದೇನೆ. ಅಯ್ಯನವರು ಯಾರ ಸಾಲಿಗೆ ಸೇರುತ್ತಾರೆಂದು ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಆಸ್ಪತ್ರೆಯ ಹಿಂದೆ ಒಂದು ಖೋಲಿ ನೋಡಿದ್ದೇನೆ. ಗ್ಯಾಸಿನ ಒಲೆ ಇದೆ, ಗಂಜಿ ಮಾಡಿಕೊಡಬಹುದು. ನಿಮ್ಮ ಬಿಪಿ ಮಾತ್ರೆ ಒಂದು ತಿಂಗಳಿಗಾಗುವಷ್ಟು ತನ್ನಿ. ಆಪರೇಶನ್ ಕೋಣೆಯ ಹೊರಗೆ ಏಸಿ ಜೋರಿರುತ್ತದೆ, ದಪ್ಪನೆಯ ಶಾಲು ಬೇಕಾಗುತ್ತದೆ. ಸ್ಟೇಶನ್ನಿಗೆ ನಾನು ಬರುತ್ತೇನೆ.

ಅವರನ್ನು ಒಳಗೆ ಒಯ್ದ ಮೇಲೆ ನಿಮ್ಮ ಹತ್ತಿರ ಕೂಡುತ್ತೇನೆ. ಒಳಗಿನಿಂದ ಯಾರು ಬಂದು ಏನು ಹೇಳಿದರೂ ಕೂಡಲೇ ನಿಮಗೆ ಕನ್ನಡದಲ್ಲಿ ಹೇಳುತ್ತೇನೆ. ಏನೂ ತಿಳಿಯದೆ ಹೊತ್ತು ಹೋಗುತ್ತಿದ್ದರೆ, ಇನ್ನೂ ಏನೂ ತಿಳಿದಿಲ್ಲ ಅಮ್ಮಾ ಎಂದು ಅದನ್ನೂ ಹೇಳುತ್ತೇನೆ.

ನಿಮ್ಮ
ಅಲಕಾ